ಐದನೆಯ ಗೂಟ

ಆರು ಪುಟದ ಲೇಖನದಲ್ಲಿ ಸುಳ್ಳು ಇದ್ದದ್ದು ಒಂದೇ ಸಾಲಿನಲ್ಲಿ. ಮಿಕ್ಕಿದ್ದೆಲ್ಲ ನಿಜ, ಎದೆ ಮುಟ್ಟಿಕೊಂಡು ಹೇಳಬಹುದಾದಂಥ ನಿಜ. ಖಾಲಿ ಅಂಗಿಯೊಂದನ್ನು ಗೂಟಕ್ಕೆ ನೇತುಹಾಕಿ, ಅದನ್ನು ತೊಡುತ್ತಿದ್ದವನ ಯಾವ ಭುಜ ಇಳಿಬಿದ್ದಿತ್ತು ಎಂದು ತೋರಿಸುವುದನ್ನು ಕಲಿಸಿದವರು ದೊಡ್ಡಪ್ಪ. ನೀಲಿಗೆ ಒಂದು ಚಿಟಿಕೆ ಮಸಿ ಸೇರಿಸಿದರೆ ಅದು ಬೆವರಲ್ಲಿ ನೆನೆದ ನೀಲಿಯಾಗುತ್ತದೆ ಎಂದು ಹೇಳಿಕೊಟ್ಟವರು ದೊಡ್ಡಪ್ಪ. ತನ್ನ ಇಪ್ಪತ್ತೇಳು ವರ್ಷದ ಚಿತ್ರಗಳಲ್ಲಿ ತೂಗುವ ಅಷ್ಟೂ ಅಂಗಿಗಳ ಬೇರು ಸಂಘದ ಸಭಾಂಗಣದ ಒಂದು ಗೋಡೆಯಲ್ಲಿದೆ ಎಂದು ಚಿತ್ರಗಾರ ಬಿಚ್ಚುಮನಸ್ಸಿನಿಂದ ಬರೆದಿದ್ದ. ಸುಳ್ಳು ಇದ್ದದ್ದು ನಾಲ್ಕನೆಯ ಪುಟದ ಕೊನೆಯಲ್ಲಿ: "ಮುಂದೆ ಯಾರೋ ಅವಿವೇಕಿಗಳು ಅದೇ ಗೋಡೆಯ ಮೇಲೆ ಬೇರೊಂದು ಚಿತ್ರ ಬಳಿದು ಈ ಮಹಾಕೃತಿಯನ್ನು ಮುಚ್ಚಿಹಾಕಿದರು."

ಆ ಯಾರೋ ಅವನೇ.

ಕರಡಚ್ಚನ್ನು ತಂದುಕೊಟ್ಟವನು ಮೊಳೆಯಣ್ಣ. ಒಂದು ಕಾಲದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವನು. ಮೊಳೆಗಳೆಲ್ಲ ಕರಗಿ ಗುಜರಿಗೆ ಹೋದ ಮೇಲೂ ಹೆಸರು ಅಂಟಿಕೊಂಡಿತ್ತು. ಈಗ ಸಂಘದ ಪುಸ್ತಿಕೆಗಳ ಕರಡು ತಿದ್ದುವುದು ಅವನ ಕೆಲಸ. ಸಭಾಂಗಣದ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು ಆ ಸಾಲಿನ ಮೇಲೆ ಬೆರಳಿಟ್ಟು, ಕನ್ನಡಕವನ್ನು ಹಣೆಗೇರಿಸಿ, ಚಿತ್ರಗಾರನನ್ನು ಅಡ್ಡಹೆಸರಿನಿಂದ ಕರೆದು ಕೇಳಿದ:

"ಅವಿವೇಕಿಗಳು. ಪರವಾಗಿಲ್ಲ ಮುಷ್ಟಿ, ನಮ್ಮನ್ನೂ ಜೊತೆಗೆ ಸೇರಿಸ್ಕೊಂಡಿದೀಯ. ಒಬ್ಬನೇ ಹೊರೋಕೆ ಭಾರ ಆಯ್ತಾ?"

"ಮೆಲ್ಲಗೆ ಮಾತಾಡೋ."

"ಯಾಕೆ, ಗೋಡೆಗೆ ಕಿವಿ ಇದೆಯಾ?"

"ಗೋಡೆ ಮುಂದೆ ಕೂತಿರೋಳಿಗೆ ಇದೆ."

ಗೋಡೆಯ ಮುಂದೆ ಹಲಗೆಯ ಅಟ್ಟಣಿಗೆ ಕಟ್ಟಿಕೊಂಡು ಕುಳಿತಿದ್ದವಳು ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವಳು. ಬಂದ ಮೊದಲ ದಿನವೇ ಮೊಳೆಯಣ್ಣ ಅವಳಿಗೆ 'ಗೋಡೆ ಡಾಕ್ಟರು' ಎಂದು ಹೆಸರಿಟ್ಟಿದ್ದ. ಮೂವತ್ತೈದರ ಆಸುಪಾಸು, ತಲೆಗೆ ಬಿಗಿದ ಬಟ್ಟೆ, ಬಾಯಿಗೆ ಮಾತ್ರ ಬಿಗಿಯಿಲ್ಲ. ಸಂಘದವರು ಸಭಾಂಗಣದ ಸೂರು ರಿಪೇರಿಗೆ ಕೈಹಾಕಿದಾಗ ಗೋಡೆಯ ಮೇಲಿದ್ದ ಮೆರವಣಿಗೆಯ ಚಿತ್ರದಲ್ಲಿ ಒಂದು ಚಕ್ಕೆ ಉದುರಿ, ಅದರ ಅಡಿಯಲ್ಲಿ ನೀಲಿ ತೋಳೊಂದು ಇಣುಕಿತ್ತು. ಅವಳನ್ನು ಕರೆಸಿದ್ದು ಆಗ. ಅಡಿಯ ಚಿತ್ರ ಪೂರ್ತಿ ಹೊರಬಂದ ದಿನ ಸಭೆ, ಪುಸ್ತಿಕೆಯ ಬಿಡುಗಡೆ. ದೊಡ್ಡಪ್ಪನ ಬಗ್ಗೆ ಬರೆಯಲು ಚಿತ್ರಗಾರನಿಗಿಂತ ತಕ್ಕವರು ಯಾರು? ಎಲ್ಲರ ಬಾಯಲ್ಲೂ ಬಂದದ್ದು ಅವನ ಹೆಸರೇ. ಅವನೂ ಹೂಂ ಅಂದ. ಇಲ್ಲ ಅನ್ನಬೇಕಾದರೆ ಕಾರಣ ಹೇಳಬೇಕಾಗುತ್ತಿತ್ತು.

ದೊಡ್ಡಪ್ಪ ಯಾರಿಗೂ ದೊಡ್ಡಪ್ಪನಲ್ಲ. ನೂಲಿನ ಗಿರಣಿಯ ಗಂಜಿ ಖಾತೆಯಲ್ಲಿ ಕೆಲಸ. ಮಗ್ಗಕ್ಕೆ ಹೋಗುವ ನೂಲು ಹರಿಯದಂತೆ ಅದಕ್ಕೆ ಗಂಜಿ ಕುಡಿಸುವುದು. ಮೊಣಕೈವರೆಗೂ ಸದಾ ಬೆಳ್ಳಗೆ ಒಣಗಿದ ಹಿಟ್ಟಿನ ಪೊರೆ. ಪಾಳಿ ಮುಗಿಸಿ, ಕೈ ತೊಳೆದು, ಬಣ್ಣದ ಖಾತೆಯವರು ಕೊಟ್ಟ ಪುಡಿಯನ್ನು ಸುಣ್ಣದಲ್ಲಿ ಕಲಸಿ ಸಂಘದ ಗೋಡೆಗೆ ಚಿತ್ರ ಬರೆಯುತ್ತಿದ್ದರು. ಅವರಿಗೆ ಯಾರೂ ಬರೆಯಲು ಹೇಳಿರಲಿಲ್ಲ, ಯಾರೂ ಬೇಡವೆಂದೂ ಇರಲಿಲ್ಲ.

ಮೂವತ್ತಾರು ವರ್ಷದ ಹಿಂದೆ ಗಿರಣಿಯಲ್ಲಿ ಮುಷ್ಕರ ಮುರಿದುಬಿತ್ತು. ಮರುದಿನ ಎಲ್ಲರಿಗೂ ತೆರೆದ ಗೇಟು ಏಳು ಜನರಿಗೆ ಮಾತ್ರ ತೆರೆಯಲಿಲ್ಲ. ಅವರ ಕೆಲಸದ ಅಂಗಿಗಳು ಹಿಂದಿನ ಪಾಳಿಯಲ್ಲಿ ತೂಗುಹಾಕಿದಂತೆಯೇ ಒಳಗಿನ ಗೂಟಗಳಲ್ಲಿ ಉಳಿದವು. ಅಂಗಿಗಳು ಒಳಗೆ, ಜನ ಹೊರಗೆ. ತಂದುಕೊಡುತ್ತೇವೆಂದರೂ ಮಾಲೀಕರು ಬಿಡಲಿಲ್ಲ. ಗೇಟಿನ ಹೊರಗಿರುವವನಿಗೆ ಒಳಗೊಂದು ಚಿಂದಿಯೂ ಇರಬಾರದು, ಆದರೆ ಅದನ್ನು ಕೊಂಡೊಯ್ಯುವ ಹಕ್ಕೂ ಅವನಿಗಿರಬಾರದು! ಇದು ದುಡಿಸಿಕೊಳ್ಳುವವರ ನ್ಯಾಯ. ಒಳಗಿದ್ದವರು ಒಂದು ಮಾತನ್ನೂ ಆಡದೆ ಒಂದು ಕೆಲಸ ಮಾಡಿದರು. ಎಂಟು ತಿಂಗಳು, ಜಾಗ ಸಾಲದೆ ತಮ್ಮ ಅಂಗಿಗಳನ್ನು ನೆಲದ ಮೇಲೆ ಇಟ್ಟರೂ ಆ ಏಳು ಗೂಟಗಳನ್ನು ಯಾರೂ ಮುಟ್ಟಲಿಲ್ಲ. ದೊಡ್ಡಪ್ಪ ದಿನಕ್ಕೆ ಎರಡು ಸಲ ಆ ಸಾಲನ್ನು ನೋಡಿಕೊಂಡು ಬಂದು ಸಂಘದ ಗೋಡೆಯ ಮೇಲೆ ಬರೆದದ್ದು ಅದನ್ನೇ. ಏಳು ಗೂಟ, ಏಳು ಅಂಗಿ. ಐದನೆಯದು ಅಂಗಿಯಲ್ಲ, ಉದ್ದನೆಯ ಕೋಟು. ಅವರ ತಂಗಿಯದು. ಹೊರಗೆ ಹಾಕಿಸಿಕೊಂಡ ಏಳು ಜನರಲ್ಲಿ ಅವಳೊಬ್ಬಳೇ ಹೆಂಗಸು.

ಅದು ಪ್ರತಿಭಟನೆ. ಅದಕ್ಕಿಂತ ದೊಡ್ಡ ಪ್ರತಿಭಟನೆಯ ಚಿತ್ರವನ್ನು ಆ ಊರು ಅಲ್ಲಿಯವರೆಗೆ ಕಂಡಿರಲಿಲ್ಲ. ಅದು ಕಾಣದೆ ಹೋದದ್ದು ಓದುಕೂಟದ ಹನ್ನೊಂದು ಜನಕ್ಕೆ ಮಾತ್ರ.

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ರಜೆಯ ದಿನ ಬೆಳಗ್ಗೆ ಸೇರುತ್ತಿದ್ದ ಕೂಟ ಅದು. ವಾರಕ್ಕೊಂದು ಅಧ್ಯಾಯ ಓದಿ, ಓದಿದ್ದನ್ನು ಅಳತೆಪಟ್ಟಿಯ ಹಾಗೆ ಹಿಡಿದು ಲೋಕವನ್ನೆಲ್ಲ ಅಳೆಯುವುದು. ಅವತ್ತು ಅಳತೆಗೆ ಸಿಕ್ಕಿದ್ದು ದೊಡ್ಡಪ್ಪನ ಗೋಡೆ. ಎದ್ದು ನಿಂತವನು ಇಪ್ಪತ್ನಾಲ್ಕರ ಚಿತ್ರಗಾರ, ದೊಡ್ಡಪ್ಪನ ಬೆನ್ನ ಹಿಂದೆ ನಿಂತು ನಾಲ್ಕು ವರ್ಷ ಕುಂಚ ತೊಳೆದವನು. ದೊಡ್ಡಪ್ಪ ಗೋಡೆಗೊರಗಿ ಚಾಪೆಯ ಮೇಲೆ ಕುಳಿತಿದ್ದರು. ಅವರ ಮುಖ ನೋಡಿದರೆ ನಾಲಿಗೆ ತಡವರಿಸೀತೆಂದು ಕಿಟಕಿಯ ಕಡೆ ನೋಡಿಕೊಂಡು ಮಾತಾಡಿದ.

"ಇದರಲ್ಲಿ ಮನುಷ್ಯರೇ ಇಲ್ಲ. ಬರೀ ಬಟ್ಟೆ. ಹೋರಾಟ ಇಲ್ಲ, ನಾಳೆ ಅನ್ನೋದು ಇಲ್ಲ. ದುಡಿದು ದಣಿದು ಬರೋನು ಇದನ್ನ ನೋಡಿ ತಲೆ ತಗ್ಗಿಸ್ಕೊಂಡು ಮನೆಗೆ ಹೋಗ್ತಾನೆ. ಸಂಗಾತಿಗಳೇ, ಇದು ಸೋತವರ ಗೋಡೆ. ನಮಗೆ ಬೇಕಾಗಿರೋದು ಎದ್ದು ನಿಂತೋರ ಗೋಡೆ!"

ಇಪ್ಪತ್ತು ನಿಮಿಷ. ಮಾತು ಸುಲಲಿತವಾಗಿ ಬಂತು. ಅಷ್ಟು ಚೆನ್ನಾಗಿ ಅವನು ಆಮೇಲೆ ಎಂದೂ ಮಾತಾಡಲಿಲ್ಲ. ಮುಂದಿನ ವಾರ ಸಭಾಂಗಣದಲ್ಲಿ ನಾಲ್ಕು ಊರಿನ ಕೆಲಸಗಾರರ ದೊಡ್ಡ ಸಭೆಯಿತ್ತು. ಅಷ್ಟರೊಳಗೆ ಗೋಡೆಯ ಮೇಲೆ ಮೆರವಣಿಗೆ ಬರೆಯಬೇಕೆಂದು ನಿರ್ಣಯ. ಹನ್ನೊಂದು ಕೈ ಮೇಲೆದ್ದವು. ದೊಡ್ಡಪ್ಪ ಕೈ ಎತ್ತಲೂ ಇಲ್ಲ, ಎತ್ತಿದವರನ್ನು ತಡೆಯಲೂ ಇಲ್ಲ.

"ಸರಿಯಪ್ಪ. ಗೋಡೆ ಎಲ್ಲರದ್ದು. ಬರೀರಿ," ಅಂದರು.

ಬರೆಯುವ ದಿನ ಮಧ್ಯಾಹ್ನ ಒಂದು ಬಕೆಟ್ ಗಂಜಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವನ ಪಕ್ಕ ಇಟ್ಟರು. ಗಿರಣಿಯದಲ್ಲ, ತಾವೇ ಮನೆಯಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿದ್ದು.

"ನೋಡು, ಈ ಗೋಡೆಗೆ ತುಂಬಾ ಬಾಯಾರಿಕೆ. ನಿನ್ನ ಬಣ್ಣಾನೆಲ್ಲ ಕುಡಿದುಬಿಡುತ್ತೆ. ಮೊದಲು ಇದನ್ನ ಬಳಿ, ಒಣಗಲಿ, ಆಮೇಲೆ ನಿನ್ನ ಮೆರವಣಿಗೆ. ಏಳಕ್ಕೂ ಬಳಿ. ಮೂಲೆ ಬಿಡಬೇಡ, ಮಗಾ."

'ಮಗಾ' ಎಂದರು. ಅಷ್ಟು ಹೇಳಿ ಹೊರಟುಹೋದರು. ಚಿತ್ರಗಾರ ನಾಲ್ಕು ಅಂಗಿಗಳಿಗೆ ಬಳಿದ. ಕೈ ಜಿಗುಟಾಯಿತು, ಹೊತ್ತು ಇಳಿಯುತ್ತಿತ್ತು, ಮುದುಕರ ಮಡಿವಂತಿಕೆ ಇದು ಎಂದು ರೇಗಿತು. ಮಿಕ್ಕ ಗಂಜಿಯನ್ನು ಹಿಂದಿನ ಚರಂಡಿಗೆ ಸುರಿದು, ಬಕೆಟ್ ತೊಳೆದು ಬಾಗಿಲಲ್ಲಿಟ್ಟು, ಲಾರಿಗೆ ಹೊಡೆಯುವ ಎಣ್ಣೆಬಣ್ಣದ ಡಬ್ಬಿ ತೆಗೆದ. ನೂರಾರು ಮುಷ್ಟಿಗಳು, ಒಂದೇ ಅಚ್ಚಿನಲ್ಲಿ ಒತ್ತಿದಂಥವು. ಸಭೆಗೆ ಬಂದವರು ಚಪ್ಪಾಳೆ ತಟ್ಟಿದರು. ಅವನಿಗೆ 'ಮುಷ್ಟಿ' ಎಂಬ ಅಡ್ಡಹೆಸರೂ ಬಿತ್ತು. ಬಕೆಟ್ ವಾಪಸು ಒಯ್ಯಲು ಬಂದ ದೊಡ್ಡಪ್ಪ ತಳದವರೆಗೆ ಇಣುಕಿ ನೋಡಿ, "ಪೂರ್ತಿ ಸಾಕಾಯ್ತಾ?" ಎಂದು ಕೇಳಿದರು. "ಸರಿಹೋಯ್ತು ದೊಡ್ಡಪ್ಪ," ಎಂದ. ಅವರು ಆಮೇಲೆ ಬದುಕಿದ್ದ ಒಂಬತ್ತು ವರ್ಷದಲ್ಲಿ ಆ ಸಭಾಂಗಣದಲ್ಲಿ ಕುಂಚ ಹಿಡಿಯಲಿಲ್ಲ.

ಅವರು ಹೋದ ಮೇಲೆ ಚಿತ್ರಗಾರನ ಕೈಯಿಂದ ಅಂಗಿಗಳು ಹೊರಡತೊಡಗಿದವು. ಬೇರೇನು ಬರೆಯಲು ಕೂತರೂ ಕೊನೆಗೆ ಬರುತ್ತಿದ್ದದ್ದು ಒಂದು ಗೂಟ, ಒಂದು ಅಂಗಿ. ಜನ ಮೆಚ್ಚಿದರು, ಬೆನ್ನು ತಟ್ಟಿದರು, ದೊಡ್ಡ ಗೋಡೆಗಳು ಕರೆದವು. ಆ ಮೆಚ್ಚುಗೆಯ ಒಂದೊಂದು ಮಾತಿಗೂ ಅವನ ಒಳಗೆ ಯಾರೋ ತಲೆ ತಗ್ಗಿಸುತ್ತಿದ್ದರು.

*

ದುರಸ್ತಿಯವಳ ಕೆಲಸದ ಬಗೆ ಹೀಗಿತ್ತು. ಸಣ್ಣ ಕೊಳವೆಯ ಕೆಟಲಿನಿಂದ ಬಿಸಿ ಹಬೆಯನ್ನು ಅಂಗೈಯಗಲದ ಜಾಗಕ್ಕೆ ಊದುವುದು. ಹಳೆಯ ಎಣ್ಣೆಬಣ್ಣದ ಬಿರುಕುಗಳಲ್ಲಿ ಹಬೆ ನುಸುಳಿ ಅಡಿಯ ಗಂಜಿಯನ್ನು ನೆನೆಸಿದಾಗ, ಕೊಂಬಿನಿಂದ ಮಾಡಿದ ಚಪ್ಪಟೆ ಅಲಗನ್ನು ತೂರಿಸಿ ಮೆಲ್ಲಗೆ ಮೀಟುವುದು. ಮೆರವಣಿಗೆ ಸಿಪ್ಪೆಯ ಹಾಗೆ ಸುಲಿದು ಬರುತ್ತಿತ್ತು. ಅಡಿಯಲ್ಲಿ ನಿನ್ನೆ ಬರೆದಂಥ ನೀಲಿ.

ಮೊದಲನೆಯ ಅಂಗಿ ಪೂರ್ತಿ ಹೊರಬಂದ ದಿನ ಅವಳು ಅಟ್ಟಣಿಗೆಯಿಂದಲೇ ಕೂಗಿ ಕರೆದಿದ್ದಳು.

"ಬನ್ನಿ ಸಾರ್, ನೋಡಿ ಬನ್ನಿ! ಮಧ್ಯ ಗಂಜಿ ಬಳಿದಿದಾರೆ. ಇಂಥದ್ದು ನಾನು ಎಲ್ಲೂ ನೋಡಿಲ್ಲ. ಯಾರೋ ಪುಣ್ಯಾತ್ಮ ಇದು ಒಂದಲ್ಲ ಒಂದು ದಿನ ಹೊರಗೆ ಬರಲಿ ಅಂತಾನೇ ಮಾಡಿದಾನೆ."

ಚಿತ್ರಗಾರ ಅಟ್ಟಣಿಗೆಯ ಕಂಬ ಹಿಡಿದುಕೊಂಡ. ಗೋಡೆಗೆ ಬಾಯಾರಿಕೆ ಎಂದಿದ್ದರು ದೊಡ್ಡಪ್ಪ. ಮೂವತ್ತಾರು ವರ್ಷ ಅವನು ಅದನ್ನು ಹಾಗೇ ನಂಬಿದ್ದ.

"ಆದ್ರೆ ಈ ಮುಷ್ಟಿಗಳನ್ನ ಬರೆದೋನು ಇದಾನಲ್ಲ," ಅವಳು ಸುಲಿದ ಸಿಪ್ಪೆಯನ್ನು ಬೆಳಕಿಗೆ ಹಿಡಿದಳು, "ಶುದ್ಧ ಕತ್ತೆ. ಈ ಮೊಣಕೈ ನೋಡಿ. ಹೀಗೆ ಮಡಚಿದ್ರೆ ಮನುಷ್ಯ ಆಸ್ಪತ್ರೆಗೇ ಸೈ. ಇನ್ನೂರು ಜನ, ಇನ್ನೂರು ಮುರಿದ ಕೈ! ಗಂಜಿ ಬಳಿದೋನೂ ಇವನೂ ಒಬ್ಬನೇ ಆಗಿರೋಕೆ ಸಾಧ್ಯಾನೇ ಇಲ್ಲ. ನಿಮಗೆ ಗೊತ್ತಾ ಸಾರ್, ಯಾರಿವನು?"

ಬಾಗಿಲ ಬಳಿಯಿಂದ ಮೊಳೆಯಣ್ಣ ಕೆಮ್ಮಿದ. ಚಿತ್ರಗಾರ ಗೋಡೆಯಿಂದ ಮುಖ ತಿರುಗಿಸಿದ.

"ಹಳೇ ಕಾಲ," ಅಂದ. "ಯಾರೋ ಏನೋ."

ಅಷ್ಟೇ. ಒಂದು ಸುಳ್ಳು ಹೇಳಿದ ಮೇಲೆ ಕಾಗದದ ಮೇಲೂ ಅದನ್ನೇ ಬರೆಯಬೇಕಾಯಿತು. ಬರೆದ ಮೇಲೆ ಅದನ್ನೇ ಕಾಯಬೇಕಾಯಿತು.

ಎರಡನೆಯದು ಬಂತು, ಮೂರನೆಯದು ಬಂತು. ಐದನೆಯದರಿಂದ ಆಚೆಗೆ ಗಂಜಿಯಿಲ್ಲ. ಅಲ್ಲಿ ಎಣ್ಣೆಬಣ್ಣ ನೇರವಾಗಿ ದೊಡ್ಡಪ್ಪನ ಸುಣ್ಣದ ಬಣ್ಣವನ್ನು ಕಚ್ಚಿಕೊಂಡಿದೆ. ಮೇಲಿನದನ್ನು ಸುಲಿದರೆ ಕೆಳಗಿನದೂ ಅದರ ಬೆನ್ನಿಗೆ ಹತ್ತಿಕೊಂಡು ಬರುತ್ತದೆ. ಇದು ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಗೊತ್ತು. ಅದನ್ನು ಹೇಳಬೇಕಾದರೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕು.

ಅಡ್ಡದಾರಿಯನ್ನೂ ಹುಡುಕಿ ನೋಡಿದ. ನಾಲ್ಕನೆಯದು ಅರ್ಧ ಬಂದಿದ್ದಾಗ ಅಟ್ಟಣಿಗೆಯ ಬಳಿ ನಿಂತು, ಏನೋ ಹೊಳೆದವನ ಹಾಗೆ ಕೇಳಿದ:

"ಅಲ್ಲಮ್ಮಾ, ಗಂಜಿ ಎಲ್ಲಾ ಕಡೆ ಇರುತ್ತೆ ಅಂತ ಏನು ಗ್ಯಾರಂಟಿ? ಮುಂದೆ ಇಲ್ದೇನೂ ಇರಬಹುದು, ಅಲ್ವಾ?"

"ಇಷ್ಟು ಅಚ್ಚುಕಟ್ಟಾಗಿ ನಾಲ್ಕಕ್ಕೆ ಬಳಿದೋನು ಐದನೇದಕ್ಕೆ ಯಾಕೆ ಬಿಡ್ತಾನೆ ಸಾರ್?"

"ಬೇಜಾರಾಗಿ..."

"ಬೇಜಾರಾ?" ಅವಳು ತಿರುಗಿ ಅವನನ್ನೇ ನೋಡಿದಳು. "ನಿಮಗೆ ಹಾಗೆ ಯಾಕೆ ಅನ್ನಿಸ್ತು? ಯಾರಾದ್ರೂ ಹೇಳಿದಾರಾ?"

ಹೇಳು. ಇದೇ ಹೊತ್ತು, ಹೇಳಿಬಿಡು. ಇಪ್ಪತ್ತು ನಿಮಿಷ ನಿರರ್ಗಳವಾಗಿ ಮಾತಾಡಿದ ಬಾಯಿ ಎರಡು ವಾಕ್ಯಕ್ಕೆ ತೆರೆಯಲಿಲ್ಲ.

"ಇಲ್ಲ ಇಲ್ಲ. ಸುಮ್ನೆ, ಹಂಗೇ ಒಂದು ಅನುಮಾನ."

"ಅನುಮಾನ ಇರಲಿ ಬಿಡಿ, ಒಳ್ಳೇದೇ. ಹುಷಾರಾಗೇ ಮಾಡ್ತೀನಿ," ಎಂದು ಅವಳು ಕೆಟಲಿನ ಕಡೆ ತಿರುಗಿದಳು.

ಅಂದು ಮನೆಗೆ ಹೋಗುವಾಗ ಅವನು ತನಗೆ ತಾನೇ ಒಂದು ಕಥೆ ಕಟ್ಟಿಕೊಂಡ. ಮೂವತ್ತಾರು ವರ್ಷದ ನೆನಪು, ತಪ್ಪಿರಬಹುದು. ಐದಕ್ಕೂ ಬಳಿದು ಆರರಲ್ಲಿ ಬಿಟ್ಟಿರಬಹುದು. ಯಾರು ಎಣಿಸಿದ್ದರು? ಸುಳ್ಳನ್ನು ಬೇರೆಯವರಿಗೆ ಹೇಳುವುದಕ್ಕಿಂತ ತನಗೆ ಹೇಳಿಕೊಳ್ಳುವುದು ಸುಲಭ, ಅಡ್ಡಪ್ರಶ್ನೆ ಹಾಕುವವರಿಲ್ಲ.

ಇಷ್ಟರ ನಡುವೆ ದೊಡ್ಡಪ್ಪನ ಮಗಳು ದಿನವೂ ಬರುತ್ತಿದ್ದಳು. ಐವತ್ತರ ಹೆಂಗಸು, ಎರಡು ಬೀದಿ ಆಚೆ ಹಳೆಯ ಬಟ್ಟೆಗಳನ್ನು ಬಿಚ್ಚಿ ಅಳತೆಗೆ ಹೊಲಿದುಕೊಡುವ ಅಂಗಡಿಯಲ್ಲಿ ಕೆಲಸ. ಊಟದ ಬಿಡುವಿನಲ್ಲಿ ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಬಂದು, ಅಟ್ಟಣಿಗೆಯ ಕೆಳಗೆ ನಿಂತು ಮೇಲೆ ನೋಡುವಳು. ತಾಯಿ ಇಲ್ಲದ ಅವಳನ್ನು ಸಾಕಿದ್ದು ಅತ್ತೆ, ಐದನೆಯ ಗೂಟದ ಅತ್ತೆ. ಗಿರಣಿಯಿಂದ ಹೊರಬಿದ್ದ ಮೇಲೆ ಊರಲ್ಲಿ ಯಾರೂ ಕೆಲಸ ಕೊಡದೆ, ಮನೆಮನೆಯ ಪಾತ್ರೆ ತಿಕ್ಕಿ ಇವಳನ್ನು ಓದಿಸಿದವಳು. ಸತ್ತಾಗ ಒಂದು ಫೋಟೋ ಕೂಡ ಇರಲಿಲ್ಲ.

"ಡಾಕ್ಟರೇ, ನಮ್ಮತ್ತೆ ಯಾವಾಗ ಬರ್ತಾರೆ?" ದಿನವೂ ಇದೇ ಪ್ರಶ್ನೆ.

"ಕ್ಯೂನಲ್ಲಿದಾರಮ್ಮ. ಮುಂದೆ ನಾಲ್ಕು ಜನ ಗಂಡಸರಿದಾರೆ."

"ಗಂಡಸರನ್ನ ಪಕ್ಕಕ್ಕೆ ತಳ್ಳಿ ಬರೋ ಅಭ್ಯಾಸ ಅವರಿಗಿದೆ, ಹೇಳಿ ನೋಡಿ." ನಗುವಳು. ಆಮೇಲೆ ಚಿತ್ರಗಾರನ ಕಡೆ ತಿರುಗಿ, "ಅಣ್ಣ, ಆ ಕೋಟಿನ ಜೇಬಲ್ಲಿ ಅಪ್ಪ ಏನೋ ಬರೆದಿದ್ರು. ಅರ್ಧ ಹೊರಗೆ ಕಾಣೋ ಹಾಗೆ. ನಂಗೆ ಹದಿನಾಲ್ಕು ವರ್ಷ ಆಗ, ನೋಡಿದ್ದು ನೆನಪಿದೆ. ಏನು ಅನ್ನೋದೇ ನೆನಪಿಲ್ಲ. ಬಾಚಣಿಗೆಯೋ, ಪೆನ್ಸಿಲ್ಲೋ. ನಿಂಗೆ ನೆನಪಿರಬೇಕಲ್ಲ?"

"ಬರುತ್ತಲ್ಲ ತಂಗಿ, ನೋಡಿದ್ರಾಯ್ತು," ಎಂದು ಅವನು ಜಾರಿಕೊಳ್ಳುವನು.

*

ಐದನೆಯದರ ದಿನ ಸಭಾಂಗಣದಲ್ಲಿ ನಾಲ್ಕು ಜನ. ಮೊಳೆಯಣ್ಣ ತಿದ್ದಿದ ಕರಡಚ್ಚನ್ನು ಒಯ್ಯಲು ಬಂದಿದ್ದ. ದೊಡ್ಡಪ್ಪನ ಮಗಳು ಅರ್ಧ ದಿನ ರಜೆ ಕೇಳಿಕೊಂಡು, ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಂದಿದ್ದಳು. ಕಿಟಕಿಯ ಬೆಳಕು ಗೋಡೆಗೆ ಅಡ್ಡಲಾಗಿ ಬೀಳುತ್ತಿತ್ತು. ನಾಲ್ಕು ಅಂಗಿಗಳು ಹೊರಗೆ ತೂಗುತ್ತಿದ್ದವು, ಅವುಗಳ ಪಕ್ಕಕ್ಕೆ ಮೆರವಣಿಗೆ ಕತ್ತರಿಸಿಟ್ಟ ಹಾಗೆ ನಿಂತಿತ್ತು.

"ಎಲ್ಲಿಂದ ಶುರು ಮಾಡ್ಲಿ? ಕಾಲರ್ರಾ, ಜೇಬಾ?" ದುರಸ್ತಿಯವಳು ಕೇಳಿದಳು.

"ಜೇಬು," ಅಂದಳು ದೊಡ್ಡಪ್ಪನ ಮಗಳು, ಮಕ್ಕಳ ಹಾಗೆ.

ಹಬೆ ಬುಸುಗುಟ್ಟಿತು. ಈಗ ಹೇಳಬಹುದು. ಅಲಗು ಇನ್ನೂ ಅವಳ ಮಡಿಲಲ್ಲಿದೆ. ಚಿತ್ರಗಾರ ಒಂದು ಹೆಜ್ಜೆ ಮುಂದಿಟ್ಟ.

"ಅಮ್ಮಾ, ಒಂದು ನಿಮಿಷ..."

"ಏನು ಸಾರ್?"

"ಏನಿಲ್ಲ ಡಾಕ್ಟರೇ," ಮೊಳೆಯಣ್ಣ ಬಾಗಿಲಿಂದ ಹೇಳಿದ, "ಆ ಮುಷ್ಟಿ ಮೇಲೆ ಅವನಿಗೆ ಸ್ವಲ್ಪ ಮಮಕಾರ. ಬೀಳ್ಕೊಡೋಕೆ ಬಂದಿದಾನೆ."

ಅವಳು ನಕ್ಕಳು. ದೊಡ್ಡಪ್ಪನ ಮಗಳೂ ನಕ್ಕಳು. ಚಿತ್ರಗಾರ, ದೇವರಾಣೆ, ತಾನೂ ನಕ್ಕ. ಆ ನಗುವಿಗಿಂತ ನಾಚಿಕೆಗೇಡಿನ ಕೆಲಸವನ್ನು ಅವನು ಜೀವಮಾನದಲ್ಲಿ ಮಾಡಿರಲಿಲ್ಲ. ಗಂಜಿ ಚೆಲ್ಲಿದಾಗ ಕೊನೆಯಪಕ್ಷ ಅದು ಯಾತಕ್ಕೆಂದು ಅವನಿಗೆ ಗೊತ್ತಿರಲಿಲ್ಲ.

ಅಲಗು ಬಿರುಕಿನೊಳಗೆ ತೂರಿತು. ಮೀಟಿದಾಗ ಎಂದಿನ ಹಾಗೆ ಜಾರಲಿಲ್ಲ, 'ಟಕ್' ಎಂದಿತು. ಅವಳು ಹುಬ್ಬು ಗಂಟಿಕ್ಕಿ ಇನ್ನಷ್ಟು ಹಬೆ ಊದಿ ಮತ್ತೆ ಮೀಟಿದಳು. ಅಂಗೈಯಗಲದ ಚಕ್ಕೆಯೊಂದು ಎದ್ದು ಬಂತು. ಅದರ ಬೆನ್ನ ತುಂಬ ನೀಲಿ. ಗೋಡೆಯಲ್ಲಿ ಅದೇ ಅಗಲಕ್ಕೆ ಬೋಳು ಸುಣ್ಣ.

"ನಿಲ್ಸಿ!" ಚಿತ್ರಗಾರ ಕಿರುಚಿದ. "ಮುಟ್ಟಬೇಡಿ! ಅಲ್ಲಿ ಗಂಜಿ ಇಲ್ಲ. ಐದನೇದರಿಂದ ಆ ಕಡೆ ಇಲ್ವೇ ಇಲ್ಲ!"

ಬೆಚ್ಚಿದ ಅವಳ ಕೈಯಿಂದ ಚಕ್ಕೆ ಜಾರಿತು. ಹಲಗೆಗೆ ಬಡಿದು ಚೂರುಚೂರಾಗಿ, ಒಂದಷ್ಟು ಹಲಗೆಗಳ ಸಂದಿಯಿಂದ ಕೆಳಗೆ ನೆಲಕ್ಕೆ ಉದುರಿತು.

ಕೆಟಲು ಇನ್ನೂ ಬುಸುಗುಡುತ್ತಿತ್ತು. ದುರಸ್ತಿಯವಳು ಅದನ್ನು ಆರಿಸಿದಳು.

"ನಿಮಗೆ ಹೇಗೆ ಗೊತ್ತು?" ಈ ಸಲ ಅವಳ ದನಿಯಲ್ಲಿ 'ಸಾರ್' ಇರಲಿಲ್ಲ.

"ಬರೆದಿದ್ದು ನಾನು. ಮುಷ್ಟಿ, ಮೆರವಣಿಗೆ, ಎಲ್ಲಾ ನಾನೇ. ದೊಡ್ಡಪ್ಪ ಏಳಕ್ಕೂ ಬಳಿ ಅಂತ ಗಂಜಿ ಕೊಟ್ಟಿದ್ರು. ನಾಲ್ಕಕ್ಕೆ ಬಳಿದು ಮಿಕ್ಕಿದ್ದನ್ನ ಚರಂಡಿಗೆ ಸುರಿದೆ."

ಹೇಳಿ ಮುಗಿಸಿ, ಮೂವತ್ತಾರು ವರ್ಷದ ಗೋಡೆ ಮೈಮೇಲೆ ಕುಸಿಯುವುದನ್ನು ಕಾಯುತ್ತ ಅವನು ದೊಡ್ಡಪ್ಪನ ಮಗಳ ಕಡೆ ತಿರುಗಿದ. ಅವಳು ಗೋಡೆಯ ಬಿಳಿ ಕಲೆಯನ್ನು ನೋಡುತ್ತಿದ್ದಳು.

"ನೀನೇ ಬರೆದಿದ್ದು ಅಂತ ನಂಗೆ ಗೊತ್ತಿಲ್ವಾ ಅಣ್ಣ?" ಅಂದಳು. "ಊರಿಗೇ ಗೊತ್ತು. ನಿನ್ನ ಅಡ್ಡಹೆಸರು ಮತ್ತೆಲ್ಲಿಂದ ಬಂತು? ಅಪ್ಪನೇ ಹೇಳ್ತಿದ್ರು, ಕೈ ಇನ್ನೂ ಎಳೇದು, ಬರೀಲಿ ಬಿಡು ಅಂತ. ಅದನ್ನ ಮುಚ್ಚಿಡೋಕೆ ಏನಿತ್ತು? ನಿನ್ನ ಲೇಖನ ಓದಿದಾಗಲೂ ನಕ್ಕು ಸುಮ್ನಾದೆ, ಮುಜುಗರ ಪಾಪ, ಹೋಗಲಿ ಅಂತ. ಗೊತ್ತಿಲ್ದೇ ಇದ್ದದ್ದು ಗಂಜಿ ವಿಷಯ ಒಂದೇ. ಅದನ್ನೊಂದು ಹೇಳಿದ್ರೆ ಸಾಕಿತ್ತಲ್ಲ. ನಿನ್ನೆ ಹೇಳಿದ್ರೂ ಸಾಕಿತ್ತು. ಈಗ, ನಾನು ಜೇಬು ಅಂದೆನಲ್ಲ, ಆಗ ಹೇಳಿದ್ರೂ ಸಾಕಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟರಮಟ್ಟಿಗೆ ಹಗುರಾಗುತ್ತಿತ್ತು.

"ನಂಗೆ ಗೊತ್ತಿರಲಿಲ್ಲ," ಅಂದಳು ದುರಸ್ತಿಯವಳು. "ಇಡೀ ಊರಲ್ಲಿ ಗೊತ್ತಿಲ್ಲದೋಳು ನಾನೊಬ್ಬಳೇನಾ?"

"ಇವನೇ ಒಂದಿನ ಹೇಳ್ತಾನೆ ಅನ್ಕೊಂಡಿದ್ದೆ ಡಾಕ್ಟರೇ," ಎಂದ ಮೊಳೆಯಣ್ಣ. ಅವನ ತಮಾಷೆಯೆಲ್ಲ ಇಳಿದುಹೋಗಿತ್ತು. "ನೀವು ಬೈಯೋದು, ಇವನು ಸುಮ್ನಿರೋದು, ನಂಗೆ ಮೋಜಾಗಿತ್ತು..."

ಅವಳು ಸೀಮೆಸುಣ್ಣ ತೆಗೆದು ನಾಲ್ಕನೆಯ ಅಂಗಿಯ ಆಚೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದಳು. "ಇಲ್ಲಿಗೆ ನನ್ನ ಕೆಲಸ ಮುಗೀತು. ಆ ಕಡೆ ಇರೋ ಮೂರನ್ನ ನಾನು ಮುಟ್ಟಲ್ಲ. ಮುಟ್ಟಿದ್ರೆ ಎರಡೂ ಹೋಗುತ್ತೆ. ಮುಂದೆ ಯಾರಾದ್ರೂ ನನಗಿಂತ ಬುದ್ಧಿವಂತರು ಬರಲಿ."

"ಅಂದ್ರೆ ಮುಷ್ಟಿಗಳು?"

"ಇರ್ತಾವೆ. ಅತ್ತೆ ಮೇಲೆ ಹಾಗೇ ಇರ್ತಾವೆ. ಕೆಳಗೆ ಬೋರ್ಡು ಹಾಕ್ಬೇಕು. ನಿಮ್ಮ ಹೆಸರು, ಬರೆದ ವರ್ಷ, ಗಂಜಿ ಎಲ್ಲೀವರೆಗಿದೆ ಅನ್ನೋದು. ಮುಂದೆ ಬರೋರಿಗೆ ಬೇಕಾಗುತ್ತೆ."

"ಹಾಕಿ," ಎಂದ ಚಿತ್ರಗಾರ.

ಆಮೇಲೆ ಅವನಿಗೆ ಒಂದು ಯೋಚನೆ ಬಂತು. ಬರಬಾರದಿತ್ತು, ಆದರೆ ಕೈಗೆ ತನ್ನದೇ ಬುದ್ಧಿ ಇರುತ್ತದೆ. "ತಂಗಿ, ಆ ಬಿಳಿ ಜಾಗಾನ... ಜೇಬಷ್ಟನ್ನ ನಾನು ಮತ್ತೆ ಬರೆದುಕೊಡ್ಲಾ? ಅದೇ ನೀಲಿ, ಅದೇ ಸುಣ್ಣ. ಆ ಕೋಟನ್ನ ನಾನು ನಲವತ್ತು ಸಲ ಬರೆದಿದೀನಿ."

"ಜೇಬಲ್ಲಿ ಏನಿತ್ತು ಹೇಳು," ಅಂದಳು ಅವಳು.

ಅವನು ಆ ನಲವತ್ತನ್ನೂ ನೆನೆದ. ಒಂದು ಚಿತ್ರದಲ್ಲಿ ಪೆನ್ಸಿಲ್ ಇಟ್ಟಿದ್ದ, ಒಂದರಲ್ಲಿ ಮಡಿಸಿದ ಕಾಗದ, ದೊಡ್ಡ ಬಹುಮಾನ ಬಂದದ್ದರಲ್ಲಿ ಬಾಡಿದ ಹೂವು. ಆ ಹೂವನ್ನು ಜನ ಎಷ್ಟೊಂದು ಹೊಗಳಿದ್ದರು! ಈ ಗೋಡೆಯ ಮುಂದೆ ಮೊಳದ ದೂರದಲ್ಲಿ, ಕೈಯಲ್ಲಿ ಕುಂಚ ಹಿಡಿದು, ಇದೇ ಜೇಬಿನ ಎದುರು ಅವನು ನಿಂತಿದ್ದ. ಅದರ ಮೇಲೆ ಮೊದಲ ಗೆರೆ ಎಳೆದವನು ಅವನು.

"ನೋಡ್ಲಿಲ್ಲ ತಂಗಿ," ಅಂದ. "ಬಳಿಯೋ ಆತುರದಲ್ಲಿದ್ದೆ. ನೋಡ್ಲೇ ಇಲ್ಲ."

"ಹಾಗಾದ್ರೆ ಬೇಡ. ನಿನ್ನ ಕೈ ಅಲ್ಲಿ ಒಂದು ಸಲ ಓಡಾಡಿದ್ದು ಸಾಕು."

ಮೊಳೆಯಣ್ಣ ಬೆಂಚಿನಿಂದ ಎದ್ದು ಕರಡಚ್ಚನ್ನೂ ಪೆನ್ನನ್ನೂ ಹಿಡಿದು ಬಂದ. "ಹೇಳು. ನಾಲ್ಕನೇ ಪುಟ. ಅವಿವೇಕಿಗಳನ್ನ ತೆಗೆದು ಏನು ಹಾಕ್ಲಿ?"

"ನನ್ನ ಹೆಸರು."

"ಆಯ್ತು. ಅದರ ಕೆಳಗೆ ನಂದೂ ಹಾಕ್ತೀನಿ. ಅವತ್ತು ಕೈ ಎತ್ತಿದ್ವಲ್ಲ."

"ಕೈ ಎತ್ತಿದ್ದು ಹನ್ನೊಂದು ಜನ ಇರಬಹುದು. ಚರಂಡಿಗೆ ಸುರಿದದ್ದು ನಾನೊಬ್ಬನೇ. ಅದನ್ನ ಬೇರೆ ಸಾಲಲ್ಲಿ ಹಾಕು. ಮತ್ತೆ ಇವತ್ತಿನದ್ದು. ಗೊತ್ತಿದ್ದೂ ಬಾಯಿ ಬಿಡಲಿಲ್ಲ ಅಂತ. ಅದನ್ನೂ ಹಾಕು."

"ಇದು ಮೆಚ್ಚುಗೆ ಲೇಖನ ಮಾರಾಯ," ಮೊಳೆಯಣ್ಣ ತಡವರಿಸಿದ. "ದೊಡ್ಡಪ್ಪನ ಬಗ್ಗೆ."

"ಅವರ ಬಗ್ಗೇನೇ ಹೇಳ್ತಿದೀನಿ. ಬರ್ಕೋ."

ದುರಸ್ತಿಯವಳು ಅಷ್ಟರಲ್ಲಿ ಅಟ್ಟಣಿಗೆಯ ಮೇಲೆ ಬಿದ್ದಿದ್ದ ಚೂರುಗಳನ್ನು ಬೆರಳು ತಾಗಿಸದೆ ಬಗ್ಗಿ ನೋಡುತ್ತಿದ್ದಳು. "ಬಣ್ಣ ಎಲ್ಲೂ ಹೋಗಿಲ್ಲ," ಅಂದಳು ನಿಧಾನವಾಗಿ. "ನಿಮ್ಮ ಮುಷ್ಟಿ ಬೆನ್ನಿಗೆ ಅಂಟಿಕೊಂಡಿದೆ. ಹಿಂದುಮುಂದಾಗಿ, ಚೂರಾಗಿ. ಎಲ್ಲಾ ಸಿಕ್ಕಿದ್ರೆ ಜೋಡಿಸಿ ನೋಡಬಹುದು. ಒಂದು ಚೂರಲ್ಲಿ ಹಳದಿ ಗೀಟು ಕಾಣ್ತಿದೆ." ಒಂದು ಸಣ್ಣ ಚಿಮುಟ ತೆಗೆದು ಚಿತ್ರಗಾರನ ಕಡೆ ಚಾಚಿದಳು. "ಮೇಲಿನದು ನಾನು ನೋಡ್ಕೋತೀನಿ. ನೆಲಕ್ಕೆ ಬಿದ್ದಿದ್ದು ನೀವು. ಕಾಲು ಇಡೋ ಮುಂಚೆ ನೋಡಿ ಇಡಿ."

ಅರವತ್ತರ ಚಿತ್ರಗಾರ ಅಟ್ಟಣಿಗೆಯ ಕೆಳಗೆ ಮಂಡಿಯೂರಿದ. ದೊಡ್ಡಪ್ಪನ ಮಗಳು ಗುಂಡಿ ಹಾಕಿಡುವ ತನ್ನ ತಗಡಿನ ಡಬ್ಬಿಯನ್ನು ಚೀಲದಿಂದ ತೆಗೆದು ಬರಿದು ಮಾಡಿ, ಅವನ ಕೈಗೆ ಕೊಡದೆ, ತಾನೇ ಹಿಡಿದುಕೊಂಡು ಪಕ್ಕದಲ್ಲಿ ನಿಂತಳು. ನೆಲದ ಧೂಳಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳು. ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ನೀಲಿ. ಕೆಂಪು ಮೇಲಾಗಿ ಬಿದ್ದವನ್ನು ಅವನು ಒಂದೊಂದಾಗಿ ಚಿಮುಟದಲ್ಲಿ ತಿರುವಿ, ಮುಖದ ಹತ್ತಿರ ತಂದು, ಕಣ್ಣು ಕಿರಿದು ಮಾಡಿ ನೋಡಿ, ಡಬ್ಬಿಗೆ ಹಾಕತೊಡಗಿದ.

"ಹಳದಿ ಸಿಕ್ತಾ?" ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳಿದಳು.

"ಇನ್ನೂ ಇಲ್ಲ."

"ನೋಡು," ಅಂದಳು.